ಎಲ್ಲದಕ್ಕೂ ಅದೇ ಝೂಮ್

ಶಾಂತಮಲ್ಲಪ್ಪನಿಗೆ ಅರವತ್ತು ತುಂಬಿದ್ದಕ್ಕೆ ಇಡೀ ಆಲೂರು ತಾಲ್ಲೂಕೇ ಎದ್ದು ಕುಣಿಯುತ್ತಿದೆ ಎಂದು ನಂಬಿದ್ದವನು ಆ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಅವನು ಶಾಂತಮಲ್ಲಪ್ಪ. ಅಭಿನಂದನಾ ಸಮಿತಿ ಕಟ್ಟಿದವನು ಅವನೇ, ನನಗೆಂಥ ಅಭಿನಂದನೆ ಬಿಡ್ರಪ್ಪ ಎಂದವನೂ ಅವನೇ, ಕೊನೆಗೆ ಜನರ ಒತ್ತಾಯಕ್ಕೆ ಮಣಿದು ಒಪ್ಪಿಕೊಂಡವನೂ ಅವನೇ. ಆ ಜನ ಯಾವಾಗ ಬಂದು ಒತ್ತಾಯ ಮಾಡಿದರೋ ಅವನ ಹೆಂಡತಿ ನಂಜಮ್ಮನಿಗಂತೂ ಗೊತ್ತಾಗಲಿಲ್ಲ. ಮನೆಗೆ ಬಂದವರಿಗೆಲ್ಲಾ ಕಾಫಿ ಕಾಸಿ ಕೊಟ್ಟವಳು ಅವಳು. ಬಂದವರು ಕಾಫಿ ಕುಡಿದರು, ಮೂತಿ ಒರೆಸಿಕೊಂಡರು, ಹೋದರು. ಒತ್ತಾಯದ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ.

ಹಿಂದೆ ಯಾವಾಗಲೋ, ಇಬ್ಬರು ಮೆಂಬರುಗಳ ಜಗಳದಲ್ಲಿ, ಮೂರನೆಯವನಾಗಿ ಅರ್ಧ ಅವಧಿಗೆ ತಾಲ್ಲೂಕು ಪಂಚಾಯಿತಿ ಅಧ್ಯಕ್ಷನಾಗಿದ್ದ ಮನುಷ್ಯ. ಅಷ್ಟಕ್ಕೇ ಊರವರೆಲ್ಲ ಸಾಯುವ ತನಕ 'ಅಧ್ಯಕ್ಷರೇ' ಅನ್ನಬೇಕು. ಅನ್ನದಿದ್ದರೆ ಕಿವಿಯೇ ಕೇಳಿಸುತ್ತಿರಲಿಲ್ಲ. ಅಂದರೋ, ಬೀದಿಯ ಆ ತುದಿಯಿಂದಲೂ ತಿರುಗಿ ಕೈಮುಗಿಯುತ್ತಿದ್ದ.

ಅಭಿನಂದನೆಯ ದಿನ ಒಂದು ವಿಡಿಯೊ ತೋರಿಸಬೇಕಂತೆ. ಹುಟ್ಟಿದಾಗಿನಿಂದ ಇವತ್ತಿನವರೆಗೆ ಅವನು ಮಾಡಿದ ಸೇವೆ. ಅದಕ್ಕಾಗಿ ಗಂಡ ಹೆಂಡತಿ ಇಬ್ಬರೂ ಆಲೂರು ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿದ್ದ ದಯಾನಂದನ ಸ್ಟುಡಿಯೊಕ್ಕೆ ಬಂದು ಕೂತಿದ್ದರು. ನಂಜಮ್ಮನ ಕೆಲಸ ಫೋಟೊಗಳ ಚೀಲ ಹೊರುವುದು. ಯಾವ ಫೋಟೊ ಯಾವ ಊರಿನದು ಎಂದು ನೆನಪಿಟ್ಟುಕೊಂಡು ಹೇಳುವುದೂ ಅವಳ ಕೆಲಸವೇ, ಏಕೆಂದರೆ ಸೇವೆ ಮಾಡಿದ ಪುಣ್ಯಾತ್ಮನಿಗೆ ಎಲ್ಲಿ ಮಾಡಿದೆ ಎನ್ನುವುದೇ ಮರೆತುಹೋಗಿತ್ತು.

ಚೀಲದ ತುಂಬಾ ಇದ್ದದ್ದು ಒಂದೇ ಫೋಟೊ ಎಂದರೂ ನಡೆದೀತು. ಹಿಂದಿನ ಗೋಡೆ ಬೇರೆ, ಸೀರೆ ಬೇರೆ, ಶಾಲು ಬೇರೆ. ಮುಂದೆ ನಿಂತ ಜೋಡಿ ಮಾತ್ರ ಅದೇ. ಯಾರೋ ಒಬ್ಬ ಮುಖಂಡ ಒಂದು ಕಾಲದಲ್ಲಿ ಇವನಿಗೆ, ಹೆಂಡತಿ ಪಕ್ಕದಲ್ಲಿ ನಿಂತ ಗಂಡಸು ಫೋಟೊದಲ್ಲಿ ಮರ್ಯಾದಸ್ತನಾಗಿ ಕಾಣುತ್ತಾನೆ ಎಂದು ಹೇಳಿದ್ದ. ಅವತ್ತಿನಿಂದ ಎಲ್ಲೇ ಹೋಗಲಿ, 'ದಂಪತಿ ಸಮೇತ'. ಟೇಪು ಕತ್ತರಿಸುವಲ್ಲಿ ದಂಪತಿ ಸಮೇತ, ಬೋರ್‌ವೆಲ್ಲಿಗೆ ಪೂಜೆ ಮಾಡುವಲ್ಲಿ ದಂಪತಿ ಸಮೇತ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಸರಿಯೇ, ಏ ಇವಳೇ, ಆ ನೇರಳೆ ಸೀರೆ ಉಟ್ಟುಕೊಂಡು ಬಾ, ಎಂದು ಕೂಗು ಬೀಳುತ್ತಿತ್ತು. ನಂಜಮ್ಮ ಬರುತ್ತಿದ್ದಳು, ಆರತಿ ತಟ್ಟೆ ಹಿಡಿದು ನಿಲ್ಲುತ್ತಿದ್ದಳು. ಅವನು ಕ್ಯಾಮೆರಾಕ್ಕೆ ಹಲ್ಲು ಬಿಡುತ್ತಿದ್ದ. ಅವಳು ಸಾರು ತಳ ಹಿಡಿಯಿತೇನೋ ಎಂದು ಯೋಚಿಸುತ್ತಿದ್ದಳು.

ದಯಾನಂದ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಸಾಲಾಗಿ ಜೋಡಿಸಿದ. ಫೋಟೊಗಳು, ನಡುನಡುವೆ ವಿಡಿಯೊ ತುಣುಕುಗಳು. ಅವನಿಗೂ ಇದರ ಮೇಲೆ ಭಕ್ತಿಯೇನಿರಲಿಲ್ಲ. ಮುಂದೆ ಎರಡು ಮದುವೆಯ ಕೆಲಸ ಬಾಕಿ ಬಿದ್ದಿತ್ತು, ಬಾಯಲ್ಲಿ ಎಲೆಯಡಿಕೆ ಇತ್ತು.

"ನಂಗೆ ನಿನ್ ಕಂಪ್ಯೂಟ್ರು ಭಾಷೆ ಗೊತ್ತಿಲ್ಲ ಮಾರಾಯ," ಎಂದ ಶಾಂತಮಲ್ಲಪ್ಪ. "ಪಟ ಬಂದು ಸುಮ್ನೆ ನಿಂತ್ಕೋಬಾರ್ದು. ದೂರದಿಂದ ನಿಧಾನಕ್ಕೆ ಬಂದು, ಬಂದು, ಬಂದು, ನನ್ ಮುಖದ ಮೇಲೆ ನಿಂತ್ಕೋಬೇಕು. ದೊಡ್ಡೋರ ವಿಡಿಯೊದಾಗೆಲ್ಲಾ ಬರ್ತದಲ್ಲ, ಹಂಗೆ."

"ಪ್ಯಾನ್ ಅಂಡ್ ಝೂಮ್ ಅಂತಾರೆ ಅಧ್ಯಕ್ಷರೇ. ಹಾಕಣ ಬುಡಿ."

ದಯಾನಂದ ಮೊದಲನೆಯ ಫೋಟೊ ತೆರೆದ. ಅದು ಅವರ ಮದುವೆಯದು. ಹಸೆಮಣೆಯ ಮೇಲೆ ಇಬ್ಬರೂ ಕೂತದ್ದು. ಶಾಂತಮಲ್ಲಪ್ಪನಿಗೆ ಆ ಫೋಟೊದ ಮೇಲೆ ಬಲು ಪ್ರೀತಿ, ಆಗ ತಲೆಯ ಮೇಲೆ ಕೂದಲಿತ್ತು. ದಯಾನಂದ ಪಟದ ಮೇಲೆ ಎರಡು ಚೌಕ ಎಳೆದ. ಪಟವನ್ನೆಲ್ಲಾ ಸುತ್ತಿದ ಹಸಿರು ಚೌಕ ಶುರುವಿಗೆ, ಬಲಗಡೆಗೆ ಕೂತಿದ್ದ ಮದುಮಗನ ಮುಖವನ್ನಷ್ಟೇ ಸುತ್ತಿದ ಸಣ್ಣ ಕೆಂಪು ಚೌಕ ಕೊನೆಗೆ. ಗುಂಡಿ ಒತ್ತಿದ. ಪಟ ಮೆಲ್ಲಗೆ ಬಲಕ್ಕೆ ಜಾರುತ್ತಾ, ಹತ್ತಿರವಾಗುತ್ತಾ, ಮದುಮಗನ ಮುಖ ಪರದೆಯ ತುಂಬಾ ಬಂದು ನಿಂತಿತು. ಮದುಮಗಳು ಎಡಗಡೆಯ ಅಂಚಿನಲ್ಲಿ ಎಲ್ಲೋ ಕರಗಿಹೋದಳು.

ಶಾಂತಮಲ್ಲಪ್ಪ ಅದನ್ನು ಮತ್ತೆ ಹಾಕಿಸಿಕೊಂಡು ನೋಡಿದ, ಇನ್ನೊಮ್ಮೆ ಹಾಕಿಸಿಕೊಂಡು ನೋಡಿದ. ಕಣ್ಣಲ್ಲಿ ನೀರೇ ಬಂತು. ತನ್ನನ್ನು ತಾನು ನೋಡಿ ಅಳುವ ಗಂಡಸನ್ನು ನಂಜಮ್ಮ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಥೂ, ಎಂದುಕೊಂಡಳು, ಮನಸ್ಸಿನಲ್ಲೇ.

"ಇದೇ ಕಣೋ ನಂಗೆ ಬೇಕಾಗಿದ್ದು! ಎಲ್ಲಕ್ಕೂ ಇದ್ನೇ ಹಾಕ್ಬುಡು."

"ಎಲ್ಲಕ್ಕೂ ಅಂದ್ರೆ ಒಂದೊಂದ್ನೂ ತೆಗ್ದು ಚೌಕ ಕೂರಿಸ್ಬೇಕು ಅಧ್ಯಕ್ಷರೇ. ರಾಶಿ ಐತೆ ಇದು. ಟೈಮ್ ಹಿಡೀತದೆ."

"ಒಂದಕ್ಕೆ ಮಾಡಿದ್ನ ಎಲ್ಲಕ್ಕೂ ಒಟ್ಗೇ ಅಂಟ್ಸಕ್ಕೆ ಬರಲ್ವಾ?"

"ಬರ್ತದೆ. ಎಲ್ಲಾ ಕ್ಲಿಪ್ಪೂ ಸೆಲೆಕ್ಟ್ ಮಾಡಿ ಪೇಸ್ಟ್ ಹೊಡುದ್ರೆ ಮುಗೀತು. ಆದ್ರೆ ಎಲ್ಲಾದ್ರಾಗೂ ನೀವು ಒಂದೇ ಕಡೆ ಇರ್ಬೇಕು. ಚೌಕಕ್ಕೇನು ನಿಮ್ ಮುಖ ಗೊತ್ತಾ? ಅದಕ್ಕೆ ಜಾಗ ಅಷ್ಟೇ ಗೊತ್ತು."

ಶಾಂತಮಲ್ಲಪ್ಪನಿಗೆ ಅವಮಾನವೇ ಆದಂತಾಯಿತು. "ನಾವೇನು ಗೊತ್ತುಗುರಿ ಇಲ್ದೋರೇನಯ್ಯ? ಗಂಡನ ಎಡಕ್ಕೆ ಹೆಂಡ್ತಿ. ನಮ್ಮಪ್ಪ, ನಮ್ ತಾತನ ಕಾಲದಿಂದ ಹಂಗೇಯ. ಯಾವ ಫೋಟೊ ಬೇಕಾದ್ರೂ ತೆಗಿ, ನಾನು ಇವಳ ಬಲಕ್ಕೆ ಬಿಟ್ಟು ಆಚೀಚೆ ನಿಂತಿದ್ರೆ ಕೇಳು."

ಮಾತೇನೋ ಸತ್ಯವೇ. ಅಷ್ಟೂ ಫೋಟೊಗಳಲ್ಲಿ ಸತ್ಯ, ಒಂದರಲ್ಲಿ ಬಿಟ್ಟು. ಆ ಒಂದು ಈಗ ಕಣ್ಣೆದುರೇ ಪರದೆಯ ಮೇಲಿತ್ತು. ಅವರ ಕಡೆಯ ಪದ್ಧತಿಯಲ್ಲಿ ತಾಳಿ ಬೀಳುವ ತನಕ ಹೆಣ್ಣು ಕೂರುವುದು ಗಂಡಿನ ಬಲಕ್ಕೆ. ತಾಳಿ ಬಿದ್ದ ಮೇಲೆ ಎಬ್ಬಿಸಿ ಜಾಗ ಬದಲಿಸಿ ಎಡಕ್ಕೆ ಕೂರಿಸುತ್ತಾರೆ, ಅಲ್ಲಿಂದಾಚೆಗೆ ಅವಳ ಜಾಗ ಎಡವೇ. ಈ ಫೋಟೊ ತಾಳಿಗೆ ಮುಂಚಿನದು. ಅದಕ್ಕೇ ಇದರಲ್ಲಿ ನೋಡುವವರ ಬಲಗಡೆಗೆ ಅವನಿದ್ದ. ಗಂಡನ ಎಡವೆಂದರೆ ಪಟ ನೋಡುವವರಿಗೆ ಬಲ, ಮಿಕ್ಕ ಎಲ್ಲದರಲ್ಲೂ ಆ ಜಾಗದಲ್ಲಿ ಇದ್ದವಳು ನಂಜಮ್ಮ.

ಹಸೆಮಣೆಯ ಮೇಲೆ ಎದ್ದು ಜಾಗ ಬದಲಿಸಿದ್ದು ಯಾರು? ಅವಳು. ಅವನು ಕೂತಲ್ಲೇ ಕೂತಿದ್ದ. ಹಾಗಾಗಿ ಅವಳಿಗೆ ನೆನಪಿತ್ತು, ಅವನಿಗೆ ಇರಲಿಲ್ಲ. ಅಷ್ಟು ಎಡವಟ್ಟು ಆಗುವುದು ಬೇಡವೆಂದು ಅವಳು ಬಾಯಿಯನ್ನೂ ತೆರೆದಳು.

"ರೀ, ಇದ್ರಾಗೆ ನಾನು..."

"ಏ, ಸುಮ್ನಿರು ನೀನು. ಕಂಪ್ಯೂಟ್ರು ವಿಷ್ಯ ನಿಂಗೇನ್ ತಿಳೀತದೆ? ಮಧ್ಯಕ್ಕೆ ಬಾಯಿ ಹಾಕ್ಬ್ಯಾಡ."

ನಂಜಮ್ಮ ಫೋಟೊಗಳನ್ನು ಚೀಲಕ್ಕೆ ತುಂಬತೊಡಗಿದಳು. ದಯಾನಂದ ಎಲ್ಲವನ್ನೂ ಒಟ್ಟಿಗೆ ಆರಿಸಿ ಪೇಸ್ಟ್ ಹೊಡೆದ. ಸಾಲಿನಲ್ಲಿದ್ದ ಪ್ರತಿಯೊಂದು ತುಣುಕಿನ ಮೂಲೆಯಲ್ಲೂ ಒಂದು ಸಣ್ಣ ಗುರುತು ಮಿನುಗಿತು. ಕೆಲಸ ಹಗುರವಾಯಿತೆಂದು ದಯಾನಂದನಿಗೆ ಖುಷಿ. ಮಿಕ್ಕದ್ದನ್ನು ಹಾಕಿ ನೋಡುವ ಗೋಜಿಗೆ ಅವನೂ ಹೋಗಲಿಲ್ಲ.

ಆಮೇಲೆ ಶಾಂತಮಲ್ಲಪ್ಪ ಹಿನ್ನೆಲೆಯ ಮಾತು ಹೇಳಿ ಬರೆಸತೊಡಗಿದ. ತನ್ನ ಹೊಗಳಿಕೆಯನ್ನು ತಾನೇ ಹೇಳಿ ಬರೆಸುವಾಗ ಮನುಷ್ಯನಿಗೆ ನಾಚಿಕೆಯಾಗಬೇಕಿತ್ತು, ಇವನಿಗೆ ಬೆವರು ಕೂಡ ಬರಲಿಲ್ಲ. ಕೊಡುಗೈ ದಾನಿ ಎಂದ. ದೀನರ ಬಂಧು ಎಂದ. ನಗುಮೊಗದ ನಾಯಕ ಎಂದ. ಅಲ್ಲಿಯವರೆಗೂ ನಂಜಮ್ಮ ಕಿಟಕಿಯಾಚೆ ಸಕಲೇಶಪುರದ ಬಸ್ಸು ತಿರುಗುವುದನ್ನು ನೋಡುತ್ತಿದ್ದಳು. ಆಗ ಅವನು ಕೊನೆಯ ಫೋಟೊಕ್ಕೆ ಹೇಳಿಸಬೇಕಾದದ್ದನ್ನು ಹೇಳಿದ: "ಪಾಳ್ಯದ ಈ ಗದ್ದೆಯನ್ನು ಶ್ರೀಯುತರು ಊರಿಗೆ ದಾನವಾಗಿ ಕೊಡುತ್ತಿದ್ದು, ಇದೇ ಜಾಗದಲ್ಲಿ ಶಾಂತಮಲ್ಲಪ್ಪ ಸಮುದಾಯ ಭವನ ತಲೆಯೆತ್ತಲಿದೆ."

ನಂಜಮ್ಮ ಕಿಟಕಿಯಿಂದ ತಟ್ಟನೆ ಈ ಕಡೆ ತಿರುಗಿದಳು. ಪಾಳ್ಯದ ಗದ್ದೆ ಅವಳದು. ಅವಳಪ್ಪ ಅವಳ ಹೆಸರಿಗೆ ಬರೆದುಕೊಟ್ಟದ್ದು.

ಮನೆಗೆ ಬಂದವಳು ಚೀಲವನ್ನು ಜಗಲಿಯ ಮೇಲೆ ಎತ್ತಿಹಾಕಿ ಕೇಳಿದಳು, "ಗದ್ದೆ ವಿಷ್ಯ ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?"

"ಕೇಳೋದೇನು? ನಿಂದು ಅಂದ್ರೆ ನಂದಲ್ವಾ?"

"ನಾನು ಕೊಡಲ್ಲ."

ಶಾಂತಮಲ್ಲಪ್ಪ ನಕ್ಕ. ಹಾಗೆ ನಗುವಾಗ ಅವನ ಹೊಟ್ಟೆ ಮಾತ್ರ ಕುಣಿಯುತ್ತಿತ್ತು. "ಮಠದ ಬುದ್ಧಿಯೋರು ಬರ್ತಾವ್ರೆ. ಅವ್ರ ಮುಂದೆ, ಅಷ್ಟು ಜನದ ಮುಂದೆ, ನನ್ನ ಧರ್ಮಪತ್ನಿ ಸಂತೋಷವಾಗಿ ಕೊಟ್ಟವ್ಳೆ ಅಂತೀನಿ. ನೀನೂ ಎದ್ದು ಕೈ ಮುಗೀತೀಯ. ಆಮೇಲೆ ಇಲ್ಲ ಅನ್ನು, ನೋಡಣ."

ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಕಾಗದಕ್ಕೆ ರುಜು ಹಾಕದೆ ಇರಬಹುದು, ಅದು ಅವಳ ಕೈಯಲ್ಲಿತ್ತು. ಆದರೆ ಸ್ವಾಮಿಗಳ ಎದುರು ಮಾತು ಬಿದ್ದುಹೋದರೆ ಅದನ್ನು ಹಿಂದಕ್ಕೆ ತೆಗೆದುಕೊಂಡ ಹೆಂಗಸು ಆ ಸೀಮೆಯಲ್ಲಿ ಇರಲಿಲ್ಲ. ಹಾಸನದಲ್ಲಿದ್ದ ಮಗಳು ಪುಷ್ಪಾ ಫೋನಿನಲ್ಲಿ, "ಅಲ್ಲೇ ಎದ್ದು ಇಲ್ಲ ಅಂದ್ಬುಡಮ್ಮ," ಎಂದಳು. ಹೇಳುವುದು ಸುಲಭ. ನಂಜಮ್ಮ ಜೀವಮಾನದಲ್ಲಿ ಮೈಕು ಹಿಡಿದವಳಲ್ಲ. ಗಂಡನ ಪಕ್ಕ ನಿಂತದ್ದು ಬಿಟ್ಟರೆ ಸಭೆಯಲ್ಲಿ ಅವಳಿಗೆ ಬೇರೆ ಕೆಲಸವೇ ಇರಲಿಲ್ಲ. ಗಂಡ ಸಂತೋಷವಾಗಿ ಕೊಟ್ಟಿದ್ದಾಳೆ ಎಂದರೆ, ಪಕ್ಕದಲ್ಲಿ ಬೊಂಬೆ ಹಾಗೆ ನಿಂತವಳನ್ನು ನೋಡಿ ಅಲ್ಲವೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಆ ಗದ್ದೆ ಅವಳಿಗೆ ಏನು ಎಂದು ಶಾಂತಮಲ್ಲಪ್ಪನಿಗೆ ಹೇಳಿ ತಿಳಿಸುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಬಸ್ಸು ಹತ್ತಿ ಪಾಳ್ಯಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳು ಯಾರ ಧರ್ಮಪತ್ನಿಯೂ ಅಲ್ಲ. ರಾಜಮುಡಿ ಭತ್ತ ಹಾಕಬೇಕೆಂದರೆ ರಾಜಮುಡಿ, ಅಂಚಿನ ಕಾಫಿಗೆ ನೆರಳು ಕಡಿಯಬೇಕೆಂದರೆ ಕಡಿಯುವುದೇ. ಗದ್ದೆ ನೋಡಿಕೊಳ್ಳುತ್ತಿದ್ದ ಚಲುವಯ್ಯ ಅವಳ ಮಾತಿಗೆ ಕಾಯುತ್ತಿದ್ದ, ಎದುರು ವಾದಿಸುತ್ತಿದ್ದ, ಕೊನೆಗೆ ಒಪ್ಪುತ್ತಿದ್ದ. ಒಂದು ವರ್ಷ ತೆನೆ ಬಿಡುವ ಹೊತ್ತಿಗೆ ಆನೆ ಹಿಂಡು ನುಗ್ಗಿ ಗದ್ದೆಯನ್ನು ತುಳಿದು ರೊಚ್ಚೆ ಮಾಡಿ ಹೋಗಿತ್ತು. ಅವಳು ಬದುವಿನ ಮೇಲೆ ಕೂತು ಗೊಳೋ ಎಂದು ಅತ್ತಿದ್ದಳು. ಮುಂದಿನ ಮಳೆಗೆ ಮತ್ತೆ ಅದೇ ಭತ್ತ ಹಾಕಿಸಿದ್ದಳು. ಶಾಂತಮಲ್ಲಪ್ಪ ಅಲ್ಲಿಗೆ ಕಾಲಿಟ್ಟದ್ದು ಒಂದೇ ಸಲ, ಪ್ರಗತಿಪರ ರೈತ ಎಂದು ಫೋಟೊ ತೆಗೆಸಿಕೊಳ್ಳಲು. ಸಸಿ ಕಟ್ಟನ್ನು ಬೇರು ಮೇಲು ಮಾಡಿ ಹಿಡಿದುಕೊಂಡಿದ್ದ ಪ್ರಗತಿಪರ! ಇನ್ನು ಪಾಳ್ಯದಲ್ಲಿ ಭವನಗಳಿಗೇನು ಬರವೇ? ಇರುವ ಭವನಗಳಲ್ಲೇ ಆಡುಗಳು ಮಲಗುತ್ತಿದ್ದವು.

ಸಮಾರಂಭದ ದಿನ ಆಲೂರಿನ ಕಲ್ಯಾಣ ಮಂಟಪ ತುಂಬಿತ್ತು. ಊಟಕ್ಕೆ ಹೋಳಿಗೆ ಎಂದು ಕರೆಯೋಲೆಯಲ್ಲೇ ಅಚ್ಚು ಹಾಕಿಸಿದ್ದರ ಫಲ. ವೇದಿಕೆಯ ನಡುವೆ ಮಠದ ಸ್ವಾಮಿಗಳು, ಅವರ ಪಕ್ಕ ಶಾಲು, ಹಾರ, ಪೇಟದ ಭಾರಕ್ಕೆ ಕತ್ತು ಕುಸಿದಿದ್ದ ಶಾಂತಮಲ್ಲಪ್ಪ, ಅವನ ಎಡಕ್ಕೆ ನಂಜಮ್ಮ. ಅವರ ಹಿಂದಿನ ಗೋಡೆಗೆ ಪರದೆ. ದಯಾನಂದ ವಿಡಿಯೊ ತಂದದ್ದೇ ಆಗ ತಾನೆ, ಮಾರನಹಳ್ಳಿಯ ಮದುವೆ ಮುಗಿಸಿಕೊಂಡು ಏದುಸಿರು ಬಿಡುತ್ತಾ. ಕೆಳಗೆ ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತ. ವೇದಿಕೆಯವರೆಲ್ಲಾ ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡರು.

ನಂಜಮ್ಮನಿಗೆ ಝೂಮಿನ ಚಿಂತೆ ಮರೆತೇ ಹೋಗಿತ್ತು. ಕೊನೆಯ ಫೋಟೊ ಬರುವ ಹೊತ್ತಿಗೆ ಏನು ಮಾಡಲಿ ಎನ್ನುವ ಒಂದೇ ಯೋಚನೆ.

ಮೊದಲಿಗೆ ಹಸೆಮಣೆಯ ಫೋಟೊ. ಪಟ ಜಾರಿ ಜಾರಿ ಮದುಮಗನ ಮುಖದ ಮೇಲೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಶಾಂತಮಲ್ಲಪ್ಪ ಪೇಟ ಸರಿ ಮಾಡಿಕೊಂಡ.

ಎರಡನೆಯದು ಮಾರನಹಳ್ಳಿಯ ಬಸ್ ತಂಗುದಾಣ. ಶಾಂತಮಲ್ಲಪ್ಪ ಟೇಪು ಕತ್ತರಿಸುತ್ತಾ ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದಾನೆ. ಪಟ ಮೆಲ್ಲಗೆ ಬಲಕ್ಕೆ ಹೊರಟಿತು. ಮೊದಲು ಅವನ ಒಂದು ಕೈ ಹೋಯಿತು. ಆಮೇಲೆ ಹೊಟ್ಟೆ ಹೋಯಿತು, ಕಿರಿದ ಹಲ್ಲೂ ಹೋಯಿತು. ಪರದೆಯ ತುಂಬಾ ನಂಜಮ್ಮನ ಮುಖ ಬಂದು ನಿಂತಿತು. ತುಟಿಯ ಒಂದು ಕೊನೆ ಕೆಳಗೆ ಇಳಿದಿತ್ತು, ಹುಬ್ಬು ಮೇಲೇರಿತ್ತು, ಕಣ್ಣು ಮಾತ್ರ ಪಕ್ಕಕ್ಕೆ, ಗಂಡನ ಮೇಲೆ. ಈಗ ತಾನೇ ಗುಡಿಸಿ ಸಾರಿಸಿದ ಅಂಗಳದಲ್ಲಿ ಉಗುಳಿದವನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಹಿನ್ನೆಲೆಯ ಮಾತು ಓದಲು ಹಾಸನದಿಂದ ಕರೆಸಿದ್ದ ನಾಟಕದವನ ದನಿ ವಿಡಿಯೊದಲ್ಲಿ ಮೊಳಗಿತು: "ನೋಡಿ, ಈ ಮುಖದಲ್ಲಿ ತುಂಬಿ ತುಳುಕುತ್ತಿರುವ ಜನಪ್ರೀತಿಯನ್ನು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೂರನೆಯದು ಶಾಲೆಯ ಗಿಡ ನೆಡುವ ಕಾರ್ಯಕ್ರಮ. ವರ್ಷ ವರ್ಷವೂ ಅದೇ ಗುಂಡಿಯಲ್ಲಿ ಅವನು ಬೇರೆ ಬೇರೆ ಗಿಡ ನೆಟ್ಟದ್ದು ಊರಿಗೆಲ್ಲಾ ಗೊತ್ತು. ಪಟ ಜಾರಿತು, ಅವನು ಅಂಚಿಗೆ ಸರಿದು ಮಾಯವಾದ, ಮೂಗು ಮುರಿದ ನಂಜಮ್ಮನ ಮುಖ ಪರದೆಯ ತುಂಬಾ ಬಂತು. "ಹಸಿರಿನ ಮೇಲೆ ಈ ಹೃದಯಕ್ಕೆ ಎಂಥ ಮಮತೆ!" ಎಂದಿತು ನಾಟಕದ ದನಿ. ನಾಲ್ಕನೆಯದು ಎಡಕುಮೇರಿ ರೈಲ್ವೆ ಸ್ಟೇಷನ್ನಿನದು. ಯಾವುದೋ ಮನವಿ ಕೊಡಲು ರೈಲಿನಲ್ಲಿ ಹೋದವನು, ಕಾಡು ಹತ್ತಿ ಬಂದವನ ಹಾಗೆ ಕೈಯಲ್ಲೊಂದು ಕೋಲು ಹಿಡಿದು ಬೋರ್ಡಿನ ಮುಂದೆ ನಿಂತಿದ್ದ. ಪಟ ಅವನ ಕೋಲನ್ನೂ ದಾಟಿ ಹೋಯಿತು. ನಂಜಮ್ಮ ಆ ಕೋಲನ್ನೇ ನೋಡುತ್ತಾ ನಿಂತಿದ್ದಳು, ನೋಡುವ ರೀತಿಗೆ ಕೋಲಿಗೂ ನಾಚಿಕೆಯಾಗಬೇಕಿತ್ತು.

ಈಗ ನಗು ಕಿಸಕ್ಕೆಂದು ನಿಲ್ಲಲಿಲ್ಲ. ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಶಾಂತಮಲ್ಲಪ್ಪನ ಸ್ವಂತ ತಂಗಿ ದ್ರಾಕ್ಷಾಯಣಿ ಮುಂದಿನ ಸಾಲಿನಲ್ಲೇ ಕೂತಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ ಶಿವ್ನೇ, ನಮ್ಮಣ್ಣನ್ನ ಹೆಂಗ್ ನೋಡ್ತಾವ್ಳೆ ನೋಡ್ರೇ!" ಎಂದದ್ದು ಇಡೀ ಮಂಟಪಕ್ಕೆ ಕೇಳಿಸಿತು.

ದಯಾನಂದ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ. ಶಾಂತಮಲ್ಲಪ್ಪ ಕೂತಲ್ಲಿಂದಲೇ ಕೈ ಬೀಸಿ ಬೀಸಿ, "ನಿಲ್ಸೋ, ನಿಲ್ಸೋ ಅಂದ್ರೆ!" ಎಂದು ಕೂಗಿದ. ಪೇಟ ಕಿವಿಗೆ ಇಳಿಯಿತು.

"ಇರ್ಲಿ ಬಿಡಿ ಶಾಂತಮಲ್ಲಪ್ಪನೋರೆ," ಎಂದರು ಸ್ವಾಮಿಗಳು, ಗಡ್ಡದೊಳಗೇ ನಗುತ್ತಾ. "ಚೆನ್ನಾಗೇ ಬರ್ತಿದೆ. ಪೂರ್ತಿ ನೋಡೋಣ." ಸ್ವಾಮಿಗಳು ಹೇಳಿದ ಮೇಲೆ ದಯಾನಂದ ಯಾಕೆ ನಿಲ್ಲಿಸುತ್ತಾನೆ? ಓಡಲಿ ಎಂದು ಕೈ ಬಿಟ್ಟ.

ನಂಜಮ್ಮನಿಗೆ ಮೊದಲು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಮುಖ ಏನನ್ನೂ ಹೇಳುವುದಿಲ್ಲ ಎಂದೇ ಇಷ್ಟು ವರ್ಷ ಅವಳು ತಿಳಿದಿದ್ದಳು. ಒಳಗೆ ಏನೇ ಕುದಿಯಲಿ, ಮೇಲೆ ಗೃಹಲಕ್ಷ್ಮಿಯ ಹಾಗೆ ತಣ್ಣಗೆ ನಿಂತಿದ್ದೇನೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಎಲ್ಲಿ ತಣ್ಣಗೆ? ಒಂದೊಂದು ಫೋಟೊದಲ್ಲೂ ಅವಳ ಅಸಹ್ಯ ಎದ್ದು ಕುಣಿಯುತ್ತಿತ್ತು. ಟೇಪಿನ ಮುಂದೆ, ಬೋರ್‌ವೆಲ್ಲಿನ ಮುಂದೆ, ಧ್ವಜದ ಮುಂದೆ, ಸೀರೆ ಬದಲಾಗಿತ್ತು, ಕೂದಲು ನೆರೆತಿತ್ತು, ಆ ನೋಟ ಮಾತ್ರ ಒಂದಿಷ್ಟೂ ಹಳೆಯದಾಗಿರಲಿಲ್ಲ. ಒಂದು ವಿಡಿಯೊ ತುಣುಕಿನಲ್ಲಂತೂ ಅವನು ಮೈಕಿನ ಮುಂದೆ ಅರಚುತ್ತಿರುವುದು ಕೇಳಿಸುತ್ತಿತ್ತು, ಕಾಣಿಸುತ್ತಿದ್ದದ್ದು ಇವಳ ಆಕಳಿಕೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೋಡುತ್ತಾ ನೋಡುತ್ತಾ ಅವಳ ನಾಚಿಕೆ ಎಲ್ಲೋ ಇಳಿದುಹೋಯಿತು. ಎದೆಯ ಮೇಲಿಂದ ಯಾರೋ ಅಕ್ಕಿ ಮೂಟೆ ಎತ್ತಿಕೊಂಡ ಹಾಗೆ ಉಸಿರು ಹಗುರವಾಯಿತು. ನಿಜ ತಾನೇ? ಸುಳ್ಳೇನಿತ್ತು ಅದರಲ್ಲಿ?

ಆಮೇಲೆ ಕೊನೆಯ ಫೋಟೊ ಬಂತು. ಪಾಳ್ಯದ ಗದ್ದೆ. ಬೂಟು ಹಾಕಿಕೊಂಡು ಬದುವಿನ ಮೇಲೆ ಸಸಿ ಕಟ್ಟು ಹಿಡಿದ ಶಾಂತಮಲ್ಲಪ್ಪ, ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡ ನಂಜಮ್ಮ. ಜನ ನಗಲು ತಯಾರಾಗಿ ಕೂತರು. ಪಟ ಬಲಕ್ಕೆ ಜಾರಿ ಅವಳ ಮುಖಕ್ಕೆ ಬಂತು.

ಯಾರೂ ನಗಲಿಲ್ಲ. ಈ ಫೋಟೊದಲ್ಲಿ ಅವಳು ಗಂಡನನ್ನು ನೋಡುತ್ತಿರಲಿಲ್ಲ. ಕಣ್ಣು ಎದುರಿನ ಪೈರಿನ ಮೇಲಿತ್ತು. ಕೆನ್ನೆಗೆ ಕೆಸರು ಹತ್ತಿತ್ತು. ನಗುತ್ತಿದ್ದಳು, ಯಾರಿಗೂ ತೋರಿಸಲಿಕ್ಕಲ್ಲ, ಸುಮ್ಮನೆ ಒಳಗಿಂದ. ಅಷ್ಟು ಹೊತ್ತು ಆ ಕಹಿ ಮುಖವನ್ನೇ ನೋಡಿದ್ದ ಜನಕ್ಕೆ ಇದು ಅದೇ ಹೆಂಗಸೇ ಅನ್ನಿಸಿತು. ನಾಟಕದವನ ದನಿ ಗಟ್ಟಿಯಾಗಿ, ಈ ಗದ್ದೆಯನ್ನು ಶ್ರೀಯುತರು ದಾನವಾಗಿ ಕೊಡುತ್ತಿರುವುದನ್ನೂ ಭವನ ತಲೆಯೆತ್ತಲಿರುವುದನ್ನೂ ಸಾರಿ ಮುಗಿಸಿತು.

ಶಾಂತಮಲ್ಲಪ್ಪ ತಟ್ಟನೆ ಎದ್ದು ಮೈಕು ಹಿಡಿದ. ಮಾನ ಹೋದದ್ದು ಹೋಯಿತು, ಭವನವನ್ನಾದರೂ ಉಳಿಸಿಕೊಳ್ಳುವ ಆತುರ. "ಪೂಜ್ಯರೇ, ಏನೋ ಮಿಷಿನ್ನು ತಪ್ಪಾಗ್ಬುಟ್ಟು ಪಟ ಆಕಡೆ ಈಕಡೆ ಆಗೈತೆ, ಮನಸ್ಸಿಗೆ ತಗೋಬೇಡಿ. ಮುಖ್ಯ ವಿಷ್ಯ ಏನಪ್ಪಾ ಅಂದ್ರೆ, ಪಾಳ್ಯದ ಗದ್ದೇನ ನನ್ನ ಧರ್ಮಪತ್ನಿ ಪೂರ್ಣ ಮನಸ್ಸಿಂದ, ಸಂತೋಷದಿಂದ..."

ಅವನ ಮಾತು ಮುಗಿಯುವ ಮುಂಚೆಯೇ ಮಂಟಪದಲ್ಲಿ ಗುಸುಗುಸು ಎದ್ದಿತು. ಅಷ್ಟೂ ಜನ ತಲೆಯೆತ್ತಿ ಪರದೆಯ ಮೇಲೆ ನಿಂತೇ ಇದ್ದ ಆ ಮುಖವನ್ನು ನೋಡಿದರು, ಕೆಳಗೆ ಕುರ್ಚಿಯಲ್ಲಿ ಕೂತ ಮುಖವನ್ನು ನೋಡಿದರು. ಸ್ವಾಮಿಗಳೂ ನೋಡಿದರು.

"ಗದ್ದೆ ಯಾರ ಹೆಸರಲ್ಲಿದೆ ತಾಯಿ?" ಎಂದರು.

"ನನ್ ಹೆಸ್ರಲ್ಲೇ ಬುದ್ಧಿ."

"ಪೂರ್ಣ ಮನಸ್ಸು ಇದೆಯಾ?"

ಶಾಂತಮಲ್ಲಪ್ಪ ಮೈಕನ್ನು ಅವಳ ಕಡೆ ಚಾಚಿದ. ಅವಳು ಏನು ಹೇಳುತ್ತಾಳೆ ಎನ್ನುವುದರಲ್ಲಿ ಅವನಿಗೆ ಆಗಲೂ ಅನುಮಾನವಿರಲಿಲ್ಲ. ನಂಜಮ್ಮ ಎದ್ದು ಅದನ್ನು ತೆಗೆದುಕೊಂಡಳು. ಒನಕೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ಹೆದರಿಕೆ ಇನ್ನೂ ಇತ್ತು. ಆದರೆ ಮುಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲಾ ಪರದೆಯೇ ಹೇಳಿಬಿಟ್ಟಿತ್ತು, ಅವಳಿಗೆ ಉಳಿದದ್ದು ಒಂದು ಮಾತು.

"ಇಲ್ಲ ಬುದ್ಧಿ. ನಾನು ಕೊಡಲ್ಲ. ಅಲ್ಲಿ ಭತ್ತ ಹಾಕ್ಬೇಕು."

"ಹಾಕಮ್ಮ," ಎಂದರು ಸ್ವಾಮಿಗಳು. ಅಷ್ಟಕ್ಕೇ ಆ ವಿಷಯ ಮುಗಿದುಹೋಯಿತು. ದ್ರಾಕ್ಷಾಯಣಿ ಮೊದಲು ಚಪ್ಪಾಳೆ ತಟ್ಟಿದಳು, ತಟ್ಟಿದ ಮೇಲೆ ಅಣ್ಣನ ಮುಖ ನೋಡಿ ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಆದರೆ ಅಷ್ಟು ಹೊತ್ತಿಗೆ ಹಿಂದಿನ ಸಾಲುಗಳೆಲ್ಲಾ ತಟ್ಟತೊಡಗಿದ್ದವು.

ಶಾಂತಮಲ್ಲಪ್ಪ ಸಭೆಯ ಕಡೆಗೇ ಮುಖ ಮಾಡಿ, ಹಲ್ಲು ಬಿಟ್ಟುಕೊಂಡೇ, ಹಲ್ಲಿನ ಸಂದಿಯಿಂದ ಗುರುಗುಟ್ಟಿದ. "ಮುಖ ಸರಿ ಮಾಡ್ಕೊಳ್ಳೇ. ಎಲ್ರೂ ನೋಡ್ತಾವ್ರೆ."

ಮೈಕು ಇನ್ನೂ ನಂಜಮ್ಮನ ಕೈಯಲ್ಲೇ ಇತ್ತು. ಅವನು ಅಂದದ್ದು ಅಡುಗೆಮನೆಯವರೆಗೂ ಕೇಳಿಸಿತು. ಅವಳು ಕೊಟ್ಟ ಉತ್ತರವೂ ಕೇಳಿಸಿತು.

"ನೋಡ್ಲಿ ಬುಡಿ. ಅವ್ರಾದ್ರೂ ಇವತ್ತು ನೋಡುದ್ರು. ನಾನು ಇಷ್ಟು ವರ್ಷ ನಿಮ್ ಪಕ್ದಲ್ಲೇ ನಿಂತ್ಕಂಡು ಹಿಂಗೇ ನೋಡ್ತಿದ್ದೆ. ಒಂದ್ಸಲನಾದ್ರೂ ತಿರುಗಿ ನೋಡಿದ್ರಾ?"

ಶಾಂತಮಲ್ಲಪ್ಪ ಆಗಲೂ ತಿರುಗಲಿಲ್ಲ.